ಎಜುಕೇಷನಲ್ ಸೈಕಾಲಜಿಯಲ್ಲಿ ಎಂ.ಎ. ಮಾಡಬೇಕು ಅಂತಿದ್ದೇನೆ, ಓದಿದವರು ದಾರಿ ಹೇಳ್ತೀರಾ?

ಕೇಳಿದವರು: ಜಮಖಂಡಿ ಕಡೆಯ ಟೀಚರ್

ನಮಸ್ಕಾರ. ಜಮಖಂಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. 9 ವರ್ಷದ ಸೇವೆ. ಬಿ.ಎ., ಬಿ.ಎಡ್. ಆಗಿದೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಅವನಪ್ಪ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ, ಲೆಕ್ಕವೆಲ್ಲ ಈ ಹುಡುಗನದೇ. ಒಂದು ಪೈಸೆ ತಪ್ಪುವುದಿಲ್ಲ. ಆದರೆ ಪುಸ್ತಕ ಕೊಟ್ಟರೆ ಎರಡಕ್ಷರದ ಪದ ಓದುವುದಕ್ಕೂ ಬೆವರುತ್ತಾನೆ. ಅವನನ್ನು ದಡ್ಡ ಅನ್ನಲು ನನಗೆ ಮನಸ್ಸಿಲ್ಲ. ಹಾಗಾದರೆ ಏನು ಅನ್ನಬೇಕು ಅನ್ನುವುದೂ ಗೊತ್ತಿಲ್ಲ. ಅದಕ್ಕೇ ಈ ವಿಷಯ ಸರಿಯಾಗಿ ಓದಬೇಕು ಅನಿಸಿದೆ. ನಮ್ಮ ಹತ್ತಿರ ಎಲ್ಲಿ ಓದಬಹುದು? ಕೆಲಸ ಬಿಡದೆ ಆಗುತ್ತದಾ? ಓದಿದ ಮೇಲೆ ಏನು ಉಪಯೋಗ?

ಬೆಳಗಾವಿ, ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುವವಳು

ಅಕ್ಕೋರೇ, ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ‘ಎಜುಕೇಷನಲ್ ಸೈಕಾಲಜಿ’ ಅಂತಲೇ ಸರ್ಟಿಫಿಕೇಟ್ ಮೇಲೆ ಬರೆದುಕೊಡುವ ಎಂ.ಎ. ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ. ಅದು ಎರಡು ಮನೆಯಲ್ಲಿ ಹಂಚಿಹೋಗಿದೆ. ಅರ್ಧ ಎಂ.ಎಡ್.ನಲ್ಲಿದೆ, ಅರ್ಧ ಸೈಕಾಲಜಿ ಎಂ.ಎ.ಯಲ್ಲಿದೆ. ಶಿಕ್ಷಕರಿಗೆ ಕಲಿಸುವ ಆಸೆ ಇದ್ದರೆ ಎಂ.ಎಡ್. ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಬೇಕು ಅಂದರೆ ಸೈಕಾಲಜಿ.

ನಾನು ಮಾಡಿದ್ದು ಎಂ.ಎಡ್. 2015ರಿಂದ ಅದು ಎರಡು ವರ್ಷದ ಕೋರ್ಸ್, ಬಿ.ಎಡ್.ನಲ್ಲಿ 50% ಇರಬೇಕು. ರಜೆ ಹಾಕದೆ ಆಗುವ ಮಾತಲ್ಲ. ಪಿಯಾಜೆ, ವೈಗಾಟ್‌ಸ್ಕಿ, ಬ್ರೂನರ್ ಹೀಗೆ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಸಿದ್ಧಾಂತ ಕಟ್ಟಿದವರೆಲ್ಲ ಬರುತ್ತಾರೆ. ಬಿ.ಎಡ್.ನಲ್ಲಿ ಅವರನ್ನು ಬಾಯಿಪಾಠ ಮಾಡಿರುತ್ತೇವೆ, ಇಲ್ಲಿ ಅವರೊಂದಿಗೆ ಜಗಳ ಆಡುತ್ತೇವೆ. ಇನ್ನು ಸ್ಟ್ಯಾಟಿಸ್ಟಿಕ್ಸ್. ನಾನು ಕಲಾ ವಿಭಾಗದವಳು, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಅಂದರೆ ಏನೆಂದು ಹಿಡಿತಕ್ಕೆ ಬರಲು ಒಂದು ಸೆಮಿಸ್ಟರ್ ಪೂರ್ತಿ ಬೇಕಾಯಿತು.

ನನಗೆ ನಿಜವಾಗಿ ಕಲಿಸಿದ್ದು ಪ್ರಬಂಧದ ಕೆಲಸ. ಹತ್ತನೇ ತರಗತಿ ಹುಡುಗಿಯರ ಪರೀಕ್ಷಾ ಭಯದ ಬಗ್ಗೆ ಮಾಡಿದೆ. ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ಇಳಿಸಿಕೊಂಡು ಗೋಕಾಕ ಕಡೆಯ ಒಂದು ಹೈಸ್ಕೂಲಿಗೆ ಹೋದೆ. ಅದರಲ್ಲಿ ಒಂದು ಸಾಲು, ‘ಪರೀಕ್ಷೆಗೆ ಮುಂಚೆ ನನ್ನ ಹೊಟ್ಟೆಯಲ್ಲಿ ಚಿಟ್ಟೆಗಳು ಹಾರಾಡುತ್ತವೆ’. ಒಬ್ಬಳು ಎದ್ದು ನಿಂತು, “ಹೊಟ್ಟ್ಯಾಗ ಚಿಟ್ಟಿ ಹೆಂಗ ಹೋಗ್ತಾವ್ರಿ ಅಕ್ಕೋರ?” ಅಂದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆಮೇಲೆ ಅಳು ಬಂತು. ಯಾಕೆಂದರೆ ಗೈಡ್ ಆ ಪ್ರಶ್ನಾವಳಿ ಪೂರ್ತಿ ಬದಿಗಿಡಿಸಿದರು. ‘ಎದೆ ಡವಡವ ಅನ್ನುತ್ತದೆ’ ಅಂತ ಬದಲಾಯಿಸಿದರೆ ಸಾಲದು. ಹೊಸ ಸಾಲುಗಳನ್ನು ಬೇರೆ ಮಕ್ಕಳ ಮೇಲೆ ಮೊದಲು ಪರೀಕ್ಷಿಸಬೇಕು, ಸ್ವಲ್ಪ ದಿನ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಡಬೇಕು, ಉತ್ತರ ಹೊಂದುತ್ತದಾ ನೋಡಬೇಕು. ಎರಡು ತಿಂಗಳು ಹೋಯಿತು. ಆದರೆ ಅಳೆಯುವುದು ಅಂದರೆ ಏನು ಅಂತ ಗೊತ್ತಾಗಿದ್ದು ಆ ಎರಡು ತಿಂಗಳಲ್ಲೇ.

ಇನ್ನೊಂದು ಮಾತು. ಬಿ.ಎಡ್. ಕಾಲೇಜಿನ ಹುದ್ದೆಗೆ ಎಂ.ಎಡ್. ಒಂದೇ ಸಾಲದು, ಜೊತೆಗೆ ಒಂದು ವಿಷಯದಲ್ಲಿ ಎಂ.ಎ. ಕೂಡ ಕೇಳುತ್ತಾರೆ. ನನಗೆ ಸಮಾಜಶಾಸ್ತ್ರದಲ್ಲಿ ಮೊದಲೇ ಆಗಿತ್ತು. ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಬರೆಯುವಾಗಲೂ ಎಜುಕೇಷನ್ ಬೇರೆ, ಸೈಕಾಲಜಿ ಬೇರೆ ವಿಷಯ. ಅದಕ್ಕೇ ಈಗಲೇ ಯೋಚಿಸಿ ಅಂದಿದ್ದು.

ಸಿಂದಗಿ, ಹೈಸ್ಕೂಲ್ ಮಾಸ್ತರ

ನಾನು ಇಗ್ನೋದಲ್ಲಿ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ದೂರಶಿಕ್ಷಣದಲ್ಲಿ ಸೈಕಾಲಜಿ ಎಂ.ಎ. ಮಾಡಿದೆ, ಕೆಲಸ ಬಿಡಲಿಲ್ಲ. ವಿಜಯಪುರದಲ್ಲೇ ಅವರ ಪ್ರಾದೇಶಿಕ ಕೇಂದ್ರ ಇದೆ, ಓಡಾಟ ಕಡಿಮೆ ಆಯಿತು. ಮೊದಲ ವರ್ಷ ಎಲ್ಲರಿಗೂ ಒಂದೇ. ಎರಡನೇ ವರ್ಷ ಕ್ಲಿನಿಕಲ್, ಕೌನ್ಸೆಲಿಂಗ್, ಇಂಡಸ್ಟ್ರಿಯಲ್ ಈ ಮೂರರಲ್ಲಿ ಒಂದು. ನಾನು ಕೌನ್ಸೆಲಿಂಗ್ ಆರಿಸಿಕೊಂಡೆ. ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70.

ಇಂಗ್ಲಿಷ್ ಓದು ಭಾರ ಆಯಿತು, ಸುಳ್ಳು ಹೇಳಲ್ಲ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಓದುತ್ತಿದ್ದೆ. ಒಂದು ಪುಟಕ್ಕೆ ಒಂದು ಗಂಟೆ. ಆಮೇಲೆ ಒಂದು ಉಪಾಯ ಮಾಡಿದೆ. ಪ್ರತಿ ಪಾಠವನ್ನೂ ನಮ್ಮ ಶಾಲೆಯ ಒಂದು ಮಗುವಿನ ಕಥೆಯಾಗಿ ಕನ್ನಡದಲ್ಲಿ ಬರೆದುಕೊಳ್ಳುವುದು. ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಗಡಿ ದಾಟಿ ಹೋಗಿ, ನಾಲ್ಕು ತಿಂಗಳು ಬಿಟ್ಟು ವಾಪಸ್ ಬಂದ ಹುಡುಗನ ಮೇಲೆ ‘ಪ್ರೇರಣೆ’ ಪಾಠ ಇಳಿಸಿದೆ. ಆಮೇಲೆ ಮರೆಯಲೇ ಇಲ್ಲ. ನೀವೂ ಇದೇ ಮಾಡಿ ಅಕ್ಕೋರೇ, ಶಾಲೆ ಬಿಡಬೇಡಿ.

ಬಾಗಲಕೋಟೆ ನವನಗರ

ಸರ್, ನೀವು ಹೋದ ಬಾಗಿಲು ಈಗ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಕೊಡಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. 2021ರಲ್ಲಿ ಆರೋಗ್ಯ ವೃತ್ತಿಗಳಿಗೆ ಅಂತ ಬಂದ ಕಾಯ್ದೆಯ ಕೆಳಗೆ ಸೈಕಾಲಜಿಯೂ ಸೇರಿದೆ, ಅದಕ್ಕೆ. ಮುಂಚೆ ಮುಗಿಸಿದವರ ಮಾತು ಬೇರೆ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಒಬ್ಬ ಏಜೆಂಟ್ ‘ಮನೆಯಲ್ಲೇ ಕುಳಿತು ಸೈಕಾಲಜಿ ಎಂ.ಎ., ಪರೀಕ್ಷೆಯ ಚಿಂತೆ ನಮಗೆ ಬಿಡಿ’ ಅಂದ. 8 ಸಾವಿರ ಮುಂಗಡ ಕೊಟ್ಟೆ. ‘ಚಿಂತೆ ನಮಗೆ ಬಿಡಿ’ ಅಂದಾಗಲೇ ಎದ್ದು ಬರಬೇಕಿತ್ತು ಅಲ್ವಾ? ಯಾರಿಗೂ ಮುಂಗಡ ಕೊಡಬೇಡಿ.

ರೆಗ್ಯುಲರ್ ಆಗಿ ಓದುವುದಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಇದೆ. ಡಿಗ್ರಿಯಲ್ಲಿ ಸೈಕಾಲಜಿ ಓದಿರಲೇಬೇಕಾ ಅಂತ ಮೊದಲು ಅವರನ್ನೇ ಕೇಳಿಕೊಳ್ಳಿ.

ಖಾನಾಪುರ, ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಟೀಚರ್, ಬಿಐಇಆರ್‌ಟಿ

ಎಲ್ಲರೂ ಡಿಗ್ರಿ ಬಗ್ಗೆಯೇ ಮಾತಾಡುತ್ತಿದ್ದೀರಿ, ಹುಡುಗ ಹಾಗೇ ಉಳಿದ. ಅಕ್ಕೋರೇ, ನಿಮ್ಮ ಎಂ.ಎ. ಮುಗಿಯುವ ಹೊತ್ತಿಗೆ ಅವನು ಆರನೇ ತರಗತಿ ದಾಟಿರುತ್ತಾನೆ.

ಮೊದಲು ಕಣ್ಣು, ಕಿವಿ ತೋರಿಸಿ. ನಗಬೇಡಿ. ನಮ್ಮ ತಾಲ್ಲೂಕಿನಲ್ಲಿ ಒಬ್ಬಳಿಗೆ ಕನ್ನಡಕ ಕೊಡಿಸಿದ ಮರುವಾರವೇ ಓದು ಬಂತು. ಎರಡನೆಯದು, ಮನೆಮಾತು ಯಾವುದು ಕೇಳಿ. ನಮ್ಮಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಆ ಮಗು ನಿಧಾನ ಓದಿದರೆ ಅದು ತೊಂದರೆ ಅಲ್ಲ, ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ ಅಷ್ಟೇ. ಇವೆರಡೂ ಅಲ್ಲ ಅಂದಾಗ ಮಾತ್ರ ಕಲಿಕಾ ನ್ಯೂನತೆ (ಬುದ್ಧಿ ಇದ್ದೂ ಓದು, ಬರಹದಂಥದ್ದು ಮಾತ್ರ ಕಷ್ಟವಾಗುವುದು) ಇರಬಹುದು ಅಂತ ಯೋಚಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಒಂದು, ಹಾಗಾಗಿ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಸವಲತ್ತು ಇದೆ. ನಿಮ್ಮ ಬ್ಲಾಕಿನಲ್ಲೂ ಬಿಐಇಆರ್‌ಟಿ ಇರುತ್ತಾರೆ, ಅವರಿಗೆ ಹೇಳಿ.

ಆದರೆ ಪರೀಕ್ಷೆ ಮಾಡಿ ‘ಇದು ಇಂಥದ್ದು’ ಅನ್ನುವ ಕೆಲಸ ನನ್ನದಲ್ಲ, ನಿಮ್ಮದೂ ಅಲ್ಲ. ಎಂ.ಎ. ಆದ ಮೇಲೂ ಅಲ್ಲ. ಅದು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟರದು. ನಮಗೆ ಹತ್ತಿರ ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಅಲ್ಲಿಗೆ ಹೋದ ಮಗುವಿಗೆ ಬುದ್ಧಿಮಟ್ಟದ ಪರೀಕ್ಷೆಯನ್ನೂ ಮಾಡುತ್ತಾರೆ. ನಾನು ಕಂಡ ಮಕ್ಕಳ ವರದಿಗಳಲ್ಲಿ ಬಿನೆ-ಕಾಮತ್ ಅನ್ನುವ ಪರೀಕ್ಷೆಯ ಹೆಸರು ಸುಮಾರು ಸಲ ನೋಡಿದ್ದೇನೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ನೆರವಾಗಲಿ ಅಂತ ಫ್ರಾನ್ಸಿನಲ್ಲಿ 1905ರಲ್ಲಿ ಬಿನೆ ಅನ್ನುವ ಮನಶ್ಶಾಸ್ತ್ರಜ್ಞ ಮೂಲ ಪರೀಕ್ಷೆ ಮಾಡಿದ್ದು. 1930ರ ದಶಕದಲ್ಲಿ ವಿ.ವಿ. ಕಾಮತ್ ಅದನ್ನು ನಮ್ಮ ಮುಂಬೈ ಕರ್ನಾಟಕದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಮೇಲೆ ಬೆಳಗಾವಿ ಮೇಡಂ ಚಿಟ್ಟೆ ಕಥೆ ಹೇಳಿದರಲ್ಲ, ಅದೇ ಕೆಲಸ, ತೊಂಬತ್ತು ವರ್ಷದ ಹಿಂದೆ.

ಮುದ್ದೇಬಿಹಾಳ

ಮೈಸೂರಿನ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಹೆಸರು ಯಾರೂ ಹೇಳಲಿಲ್ಲ. ಎನ್‌ಸಿಇಆರ್‌ಟಿಯವರ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಅಲ್ಲೂ ನಡೆಯುತ್ತದೆ. ಒಂದು ವರ್ಷ. 6 ತಿಂಗಳು ಮನೆಯಲ್ಲಿ ಓದು, 3 ತಿಂಗಳು ಅಲ್ಲಿ ಹೋಗಿ ಕಲಿಯುವುದು, ಉಳಿದ 3 ತಿಂಗಳು ಇಂಟರ್ನ್‌ಶಿಪ್. ಟೀಚರುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಎಂ.ಎ. ಅಲ್ಲ, ಆದರೆ ನಿಮಗೆ ಬೇಕಾದದ್ದು ಇದೇ ಇರಬಹುದು.

ಅನುಮತಿ ಪತ್ರ ಮಾತ್ರ ಮೊದಲೇ ತೆಗೆದುಕೊಳ್ಳಿ. ನನ್ನ ಅರ್ಜಿ ಒಂದು ಕಚೇರಿಯಲ್ಲಿ ಕುಳಿತು ಕುಳಿತು, ಅದು ಹೊರಬರುವಷ್ಟರಲ್ಲಿ ಕೋರ್ಸಿನ ಕೊನೆಯ ದಿನಾಂಕ ಮುಗಿದಿತ್ತು. ಅರ್ಜಿ ಕೊಟ್ಟಾಗ ಸ್ವೀಕೃತಿ ಹಾಕಿಸಿಕೊಳ್ಳಿ. ವಾರಕ್ಕೊಮ್ಮೆ ಹೋಗಿ ಮುಖ ತೋರಿಸಿ.

ಜಮಖಂಡಿ ಕಡೆಯ ಟೀಚರ್

ಎಲ್ಲರಿಗೂ ಶರಣು. ಎರಡು ಸಲ ಓದಿದೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ನನಗಿಲ್ಲ, ಕ್ಲಾಸಿನಲ್ಲೇ ಇರಬೇಕು. ಹಾಗಾಗಿ ಮೈಸೂರಿನ ಡಿಪ್ಲೊಮಾಗೆ ಅನುಮತಿ ಅರ್ಜಿ ಬರೆದಿಟ್ಟಿದ್ದೇನೆ. ಎಂ.ಎ. ಆಮೇಲೆ ನೋಡೋಣ.

ಬಿಐಇಆರ್‌ಟಿಯವರಿಗೆ ಫೋನ್ ಮಾಡಿದೆ, ಮುಂದಿನ ವಾರ ಬರುತ್ತಾರಂತೆ. ಕಣ್ಣಿನ ಪರೀಕ್ಷೆಗೆ ಬನ್ನಿ ಅಂತ ಹುಡುಗನ ಅಪ್ಪನಿಗೂ ಹೇಳಿದೆ. ಬರುತ್ತೇನೆ ಅಂದರು. “ಸಂತಿ ದಿನ ಅಲ್ಲಲ್ರಿ?” ಅಂತ ಎರಡು ಸಲ ಕೇಳಿದರು. ಆ ದಿನ ಇವನಿಲ್ಲದೆ ಲೆಕ್ಕ ಹೊಂದುವುದಿಲ್ಲವಂತೆ.