‘ಅಳಿವಿನಂಚಿನ ಭಾಷೆ’ ಎಂದು ಫಲಕದ ಮೇಲೆ ಬರೆಯಬಹುದೆ?

ಪ್ರಶ್ನೆ, ಮಡಿಕೇರಿಯಿಂದ

ಮಾನ್ಯರೆ,

ಫೆಬ್ರವರಿ 21ರ ಅಂತರರಾಷ್ಟ್ರೀಯ ಮಾತೃಭಾಷಾ ದಿನಕ್ಕೆಂದು ನಮ್ಮೂರಿನ ಶಾಲೆಯೊಂದರಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆಯ ಕುರಿತು ಸಣ್ಣ ಪ್ರದರ್ಶನವೊಂದು ನಡೆಯಲಿದ್ದು, ಇಂಗ್ಲಿಷಿನಲ್ಲಿರುವ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊದಲ ಫಲಕಕ್ಕೆ ‘ಅಳಿವಿನಂಚಿನಲ್ಲಿರುವ ಪ್ರಾದೇಶಿಕ ಉಪಭಾಷೆಗಳು’ ಎಂಬ ಶೀರ್ಷಿಕೆ ಬರೆದಿದ್ದೆ. ಕರಡನ್ನು ಓದಿದ ಕೊಡವ ಅಜ್ಜಿಯೊಬ್ಬರು, ತಾವು ಮೊಮ್ಮಗಳೊಂದಿಗೆ ದಿನವೂ ಆಡುವ ಮಾತಿಗೆ ಹೀಗೆ ಬರೆದರೆ ಆ ಮಗು ಏನೆಂದುಕೊಳ್ಳಬೇಕು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ತೊಡಕೂ ಇದೆ. ಯುನೆಸ್ಕೊದ 2010ರ ಭಾಷಾ ಭೂಪಟದಲ್ಲಿ ಕೊಡವ ‘ಡೆಫಿನಿಟ್ಲಿ ಎಂಡೇಂಜರ್ಡ್’ ಎಂಬ ಹಂತದಲ್ಲಿದೆ. ‘ಖಚಿತವಾಗಿ ಅಳಿವಿನಂಚಿನಲ್ಲಿರುವ’ ಎಂದು ಬರೆದರೆ ಅದು ತೀರ್ಪು ಓದಿದಂತೆ ಕೇಳಿಸುತ್ತದೆ. ಮುದ್ರಕರಿಗೆ ಶನಿವಾರದೊಳಗೆ ಪಠ್ಯ ಕೊಡಬೇಕಾಗಿದೆ. ದಯವಿಟ್ಟು ಸೂಕ್ತ ಪದ ಸೂಚಿಸಿ.

ಉತ್ತರ, ಧಾರವಾಡದಿಂದ

‘ಅಳಿನುಡಿ’ ಎಂದು ಬರೆಯಿರಿ. ಸುಡುಗಾಡು, ಕಡೆಗೋಲುಗಳ ಜಾಡಿನಲ್ಲೇ ಆದ ಗಮಕ ಸಮಾಸವಿದು. ಅರ್ಥವೂ ನೇರವಾಗಿದೆ, ಫಲಕದಲ್ಲಿ ಜಾಗವೂ ಉಳಿಯುತ್ತದೆ. ಧಾತು ಹಳಗನ್ನಡದಲ್ಲಿ, ಈಗ ಬಳಕೆ ತಪ್ಪಿರುವ ‘ರಳ’ (ೞ) ಅಕ್ಷರವುಳ್ಳ ‘ಅೞಿ’. ತಮಿಳು, ಮಲಯಾಳಗಳಲ್ಲಿ ಆ ಧಾತು ಆ ಅಕ್ಷರದೊಡನೆಯೇ ಇಂದಿಗೂ ಬಳಕೆಯಲ್ಲಿದೆ. ದುಂಬಿ ಎಂಬ ಅರ್ಥದ ‘ಅಳಿ’ ಸಂಸ್ಕೃತದಿಂದ ಬಂದ ಬೇರೆಯೇ ಪದವಾದ್ದರಿಂದ ಗೊಂದಲಕ್ಕೆ ಎಡೆಯಿಲ್ಲ.

ಪ್ರಾದೇಶಿಕ, ಉಪ, ಭಾಷೆ ಎಂದು ಎರವಲು ಪದಗಳನ್ನೇ ಸಾಲಾಗಿ ನಿಲ್ಲಿಸಿ ನುಡಿ ಉಳಿಸುವ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಅಜ್ಜಿಯವರ ಬೇಸರ ಪದರಚನೆಯ ಪ್ರಶ್ನೆಯಲ್ಲ.

ಉತ್ತರ, ಮಂಗಳೂರಿನಿಂದ

ಮಾನ್ಯರೆ,

ಧಾರವಾಡದ ಹಿರಿಯರು ಸಮಾಸ ಬಿಡಿಸಿದ್ದು ಸರಿಯಾಗಿದೆ, ಆದರೆ ಅವರು ಕೊಟ್ಟ ಉದಾಹರಣೆಯೇ ಅವರ ಪದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಸುಡುವುದೇ ಸುಡುಗಾಡಿನ ಕೆಲಸ, ಕಡೆಯುವುದೇ ಕಡೆಗೋಲಿನ ಕೆಲಸ. ಅದೇ ಜಾಡಿನಲ್ಲಿ ‘ಅಳಿನುಡಿ’ ಎಂದರೆ ಅಳಿಯುವುದೇ ಗುಣವಾಗಿರುವ ನುಡಿ ಎಂದಾಗುತ್ತದೆ. ಅಜ್ಜಿಯವರಿಗೆ ನೋವಾದದ್ದು ಇದರಿಂದಲೇ ಆದ್ದರಿಂದ, ಅದು ಪದರಚನೆಯ ಪ್ರಶ್ನೆಯೇ ಹೌದು. ಮೇಲಾಗಿ ‘ಅಳಿ’ ಅಕರ್ಮಕ ಧಾತು. ನುಡಿ ತಾನಾಗಿ ಅಳಿಯಿತು ಎಂದು ಬರೆದ ಕೂಡಲೇ ಅದನ್ನು ಮಕ್ಕಳಿಗೆ ಕಲಿಸದೆ ಬಿಟ್ಟ ಮನೆಯೂ, ತರಗತಿಯೊಳಗೆ ಬಿಟ್ಟುಕೊಳ್ಳದ ಶಾಲೆಯೂ, ಅದರಲ್ಲಿ ಬರೆದ ಅರ್ಜಿಯನ್ನು ಮುಟ್ಟದ ಕಚೇರಿಯೂ ವಾಕ್ಯದಿಂದ ಹೊರಗೆ ಉಳಿದುಬಿಡುತ್ತವೆ. ಅಂಡಮಾನಿನ ಬೊ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಆ ಭಾಷೆಗೆ ‘ಅಳಿದ’ ಎಂಬ ಭೂತಕೃದಂತ ದುಃಖದಿಂದಲಾದರೂ ಸಲ್ಲುತ್ತದೆ. ಅಜ್ಜಿ ಮೊಮ್ಮಗಳು ಇಬ್ಬರೂ ಆಡುತ್ತಿರುವ ಮಾತಿಗೆ ಅದೇ ಧಾತುವನ್ನು ಹಚ್ಚುವುದು ಸಲ್ಲದು.

ಇನ್ನು ‘ಅಳಿವಿನಂಚು’. ಇದು ಹುಲಿ, ಸಿಂಗಳೀಕಗಳ ಸುದ್ದಿಯಿಂದ ಭಾಷೆಯ ಸುದ್ದಿಗೆ ದಾಟಿ ಬಂದ ಮಾತು. ಪ್ರಾಣಿಗಳನ್ನು ಎಣಿಸಿ ಅಂಚನ್ನು ಗುರುತಿಸಬಹುದು, ಭಾಷೆಯ ವಿಷಯದಲ್ಲಿ ಎಣಿಕೆಯಷ್ಟರಿಂದ ಏನೂ ತಿಳಿಯದು. ತುಳುವನ್ನು ಮಾತೃಭಾಷೆ ಎಂದು ಹೇಳಿದವರು 2001ರ ಜನಗಣತಿಯಲ್ಲಿ 17,22,768 ಮಂದಿ, 2011ರಲ್ಲಿ 18,46,427 ಮಂದಿ. ಸಂಖ್ಯೆ ಏರಿದೆ, ಆದರೂ ಯುನೆಸ್ಕೊ ಪಟ್ಟಿಯಲ್ಲಿ ತುಳು ಇದೆ, ಮೊದಲ ಹಂತದಲ್ಲಿ. ಕೊಡವದ ಸಂಖ್ಯೆ ಅದೇ ಹತ್ತು ವರ್ಷಗಳಲ್ಲಿ 1,66,187ರಿಂದ 1,13,857ಕ್ಕೆ ಇಳಿದಿದೆ. ಭೂಪಟದ ಹಂತಗಳು ನಿಂತಿರುವುದು ತಲೆಮಾರುಗಳ ಮೇಲೆ. ಮಕ್ಕಳು ಆಡುತ್ತಾರೆ, ಆದರೆ ಮನೆಯಂಥ ಕೆಲವೇ ಕಡೆ ಎಂಬುದು ಮೊದಲ ಹಂತ. ಮಕ್ಕಳು ಮನೆಯಲ್ಲಿ ಅದನ್ನು ತಾಯ್ನುಡಿಯಾಗಿ ಕಲಿಯುತ್ತಿಲ್ಲ ಎಂಬುದು ಕೊಡವವನ್ನು ಇರಿಸಿರುವ ಎರಡನೆಯದು. ಅಜ್ಜ ಅಜ್ಜಿಯರು ಆಡುತ್ತಾರೆ, ಅಪ್ಪ ಅಮ್ಮಂದಿರಿಗೆ ಅರ್ಥವಾಗುತ್ತದೆ, ಆದರೆ ಅವರು ಮಕ್ಕಳೊಡನೆ ಆಡುವುದಿಲ್ಲ ಎಂಬುದು ಮೂರನೆಯದು. ಅಜ್ಜ ಅಜ್ಜಿಯರೂ ಅಪರೂಪಕ್ಕೆ, ಅರೆಬರೆಯಾಗಿ ಆಡುತ್ತಾರೆ ಎಂಬುದು ನೀಲಗಿರಿಯ ತೋಡ, ಕೋತ ಭಾಷೆಗಳನ್ನು ಸೇರಿಸಿರುವ ನಾಲ್ಕನೆಯದು. ಇವುಗಳಿಗೆ ‘ಖಚಿತವಾಗಿ’, ‘ತೀವ್ರವಾಗಿ’, ‘ಅತಿತೀವ್ರವಾಗಿ’ ಎಂಬ ವಿಶೇಷಣಗಳನ್ನು ಅಂಟಿಸಿದರೆ ಓದುವ ಮಗುವಿಗೆ ಏನೂ ತಿಳಿಯುವುದಿಲ್ಲ. ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಎಂಬುದನ್ನೇ ನೇರವಾಗಿ ಬರೆಯಿರಿ: ‘ಮನೆಯೊಳಗಷ್ಟೇ ಉಳಿದಿರುವ’, ‘ಮಕ್ಕಳು ಮನೆಯಲ್ಲೂ ಕಲಿಯದಿರುವ’, ‘ಅಜ್ಜ ಅಜ್ಜಿಯರಷ್ಟೇ ಆಡುವ’, ‘ಹಿರಿಯರೂ ಅಪರೂಪಕ್ಕಷ್ಟೇ ಆಡುವ’.

ಶೀರ್ಷಿಕೆಯ ಉಳಿದೆರಡು ಪದಗಳ ಬಗ್ಗೆ ಯಾರೂ ಕೇಳಿಲ್ಲವಾದರೂ ಹೇಳಬೇಕಾಗಿದೆ. ಸಂವಿಧಾನದ 17ನೆಯ ಭಾಗದಲ್ಲಿ ‘ಪ್ರಾದೇಶಿಕ ಭಾಷೆಗಳು’ ಎಂಬ ಅಧ್ಯಾಯವಿದೆ. ಅಲ್ಲಿ 345ನೆಯ ವಿಧಿ ಹೇಳುವುದು ರಾಜ್ಯದ ಆಡಳಿತಕ್ಕೆ ಅಂಗೀಕರಿಸುವ ಭಾಷೆಯ ವಿಚಾರವನ್ನು. ಆ ಅರ್ಥದಲ್ಲಿ ಕೊಡಗಿನ ಪ್ರಾದೇಶಿಕ ಭಾಷೆ ಕನ್ನಡ. ಕೊಡವ ಮಕ್ಕಳ ವಿಷಯಕ್ಕೆ ಸಂಬಂಧಿಸಿದ್ದು 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗೆಗಿನದು. ಆದ್ದರಿಂದ ‘ಪ್ರಾದೇಶಿಕ’ ಬೇಡ. ‘ಉಪಭಾಷೆ’ಯಂತೂ ಬೇಡವೇ ಬೇಡ. ಕೊಡವ ಯಾವುದರ ಉಪ? ಐದು ಕೋಟಿಗೂ ಹೆಚ್ಚು ಜನರ ಭೋಜಪುರಿಯನ್ನು ಜನಗಣತಿ ಹಿಂದಿಯ ಲೆಕ್ಕಕ್ಕೆ ಸೇರಿಸಿದೆ ಎಂದು ನಾವು ಆಕ್ಷೇಪಿಸುತ್ತೇವೆ. ಅದೇ ಜನಗಣತಿ ನೀಲಗಿರಿಯ ಬಡಗವನ್ನು ಕನ್ನಡದ ಲೆಕ್ಕಕ್ಕೆ ಸೇರಿಸಿರುವುದರ ಬಗ್ಗೆ ಕನ್ನಡಿಗರು ಆಕ್ಷೇಪಿಸಿದ್ದನ್ನು ನಾನು ಕೇಳಿಲ್ಲ. ನಿಮ್ಮದೇ ಜಿಲ್ಲೆಯ ಅರೆಭಾಷೆಯವರು ‘ಅರೆ’ ಎಂಬ ಹೆಸರನ್ನು ಉಳಿಸಿಕೊಂಡೇ 2011ರಲ್ಲಿ ತಮ್ಮದೊಂದು ಅಕಾಡೆಮಿಯನ್ನು ಪಡೆದರು. ಆಡುವವರು ತಮ್ಮ ಮಾತಿಗೆ ತಾವೇ ‘ಅರೆ’ ಎನ್ನುವುದಕ್ಕೂ, ಹೊರಗಿನ ನಾವು ಅದನ್ನು ‘ಉಪ’ ಎನ್ನುವುದಕ್ಕೂ ಬಹಳ ಅಂತರವಿದೆ.

ಎರವಲಿನ ಆಕ್ಷೇಪಕ್ಕೆ ಒಂದೇ ಮಾತು. ಮಾತು ಕೊಟ್ಟೆ ಎನ್ನಬೇಕಾದಲ್ಲಿ ‘ಭಾಷೆ ಕೊಟ್ಟೆ’ ಎನ್ನುವ ಕನ್ನಡಿಗರಿಗೆ ಭಾಷೆ ಎಂಬುದು ಹೊರಗಿನ ಪದವಲ್ಲ. ನಮ್ಮ ತುಳುವರಿಗೂ ಬ್ಯಾರಿಗಳಿಗೂ ಅದು ‘ಬಾಸೆ’. ತಮ್ಮ ಮಾತಿನ ಹೆಸರಿನ ಜೊತೆಗೇ ಅವರು ಅದನ್ನು ಸೇರಿಸಿ ಹೇಳುತ್ತಾರೆ. ಅವರ ನಾಲಿಗೆಯ ಮೇಲಿರುವ ಪದವನ್ನು ಶುದ್ಧಿಯ ಹೆಸರಿನಲ್ಲಿ ಅವರದೇ ಫಲಕದಿಂದ ತೆಗೆಯುವುದು ನನಗೆ ಸರಿಕಾಣುವುದಿಲ್ಲ.

ಶೀರ್ಷಿಕೆಗೆ ನನ್ನ ಸೂಚನೆ ‘ಸೊರಗುತ್ತಿರುವ ಭಾಷೆಗಳು’. ನೀರು ಗೊಬ್ಬರ ಸಿಗದೆ ಗಿಡ ಸೊರಗುತ್ತದೆ, ಸಿಕ್ಕರೆ ಚಿಗುರುತ್ತದೆ. ಕಾಳುಮೆಣಸು ಬೆಳೆಯುವ ನಿಮ್ಮ ಜಿಲ್ಲೆಯಲ್ಲಿ ಈ ಪದವನ್ನು ವಿವರಿಸಬೇಕಾಗಿಯೂ ಇಲ್ಲ.

ಉತ್ತರ, ಧಾರವಾಡದಿಂದ

ಸೊರಗು ಒಳ್ಳೆಯ ಧಾತು, ಅದನ್ನು ಒಪ್ಪುತ್ತೇನೆ. ಹಾಗಿದ್ದರೆ ‘ಸೊರಗುನುಡಿ’ ಎನ್ನಿ. ‘ಭಾಷೆ ಕೊಡು’ ಎಂಬಲ್ಲಿ ಭಾಷೆಯ ಅರ್ಥವೇ ಬೇರೆ. ಒಂದು ಅರ್ಥದಲ್ಲಿ ನೆಲೆಸಿದ ಪದ ಎಲ್ಲ ಅರ್ಥಗಳಲ್ಲೂ ನೆಲೆಸಿತೆಂದು ವಾದಿಸಲಾಗದು. ‘ಉಪಭಾಷೆ’ ಬೇಡವೆಂಬುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ಆದರೆ ನನ್ನ ಕಾರಣ ಬೇರೆ: ‘ಒಳನುಡಿ’ ಎಂಬ ಪದ ನಮ್ಮಲ್ಲಿರುವಾಗ ಅದರ ಅಗತ್ಯವೇ ಇಲ್ಲ. ಬಡಗದ ವಿಚಾರದಲ್ಲಿ ನೀವು ಹೇಳಿದ್ದು ನ್ಯಾಯವಾಗಿದೆ.

ಪ್ರಶ್ನೆ ಕೇಳಿದವಳ ಉತ್ತರ, ಮಡಿಕೇರಿಯಿಂದ

ಇಬ್ಬರಿಗೂ ವಂದನೆಗಳು. ‘ಸೊರಗು’ ನನಗೆ ತುಂಬ ಹಿಡಿಸಿತ್ತು. ನಿನ್ನೆ ಅಜ್ಜಿಯವರಿಗೂ ಹೇಳಿದೆ. ಅವರ ಮನೆಯವರು ಮೆಣಸು ಬೆಳೆಗಾರರು. ಇಲ್ಲಿ ಸೊರಗು ರೋಗವೆಂದರೆ ಮಳೆಗಾಲದಲ್ಲಿ ಬಳ್ಳಿಗೆ ತಗುಲುವ ರೋಗ. ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗಿಹೋಗುತ್ತದೆ, ಪಕ್ಕದ ಬಳ್ಳಿಗೂ ಹರಡುತ್ತದೆ. ಅಳಿವಿನಂಚಿಗಿಂತ ಇದು ಕೆಟ್ಟ ಮಾತು ಎಂದರು. ಹೀಗಾಗಿ ಅದನ್ನು ಕೈಬಿಡಬೇಕಾಯಿತು.

ಶೀರ್ಷಿಕೆಯಲ್ಲಿ ಸ್ಥಿತಿಸೂಚಕ ವಿಶೇಷಣವೇ ಬೇಡವೆಂದು ನಿರ್ಧರಿಸಿ, ‘ಕೊಡವ ತಕ್ಕ್: ಇಂದು ಇದನ್ನು ಆಡುವವರು ಯಾರು?’ ಎಂದು ಬರೆದಿದ್ದೇನೆ. ಅದರ ಕೆಳಗೆ 2001 ಮತ್ತು 2011ರ ಸಂಖ್ಯೆಗಳು, ಆಮೇಲೆ ಮಂಗಳೂರಿನವರು ಸೂಚಿಸಿದ ಹಂತಗಳು ಅವರದೇ ಮಾತಿನಲ್ಲಿ ಇರುತ್ತವೆ. ಯುನೆಸ್ಕೊ ಹೆಸರು ಬರುವ ಒಂದು ಸಾಲಿನಲ್ಲಿ ಮಾತ್ರ ‘ಅಪಾಯದಲ್ಲಿರುವ ಭಾಷೆ’ ಎಂದು ಉಳಿಸಿಕೊಂಡಿದ್ದೇನೆ. ಧಾರವಾಡದವರು ಎರಡು ಎರವಲು ಪದಗಳನ್ನು ಮನ್ನಿಸಬೇಕು. ‘ಉಪ’ ಎಲ್ಲಿಯೂ ಇಲ್ಲ, ‘ಒಳ’ವೂ ಇಲ್ಲ. ಎರಡನೆಯ ಹಂತದ ವಿವರಣೆ ತಮ್ಮ ಮನೆಗೆ ಹೊಂದುವುದಿಲ್ಲವೆಂದು ಅಜ್ಜಿಯವರು ಹೇಳಿದ್ದರಿಂದ, ಅದರ ಮುಂದೆ ‘ಬಹಳ ಮನೆಗಳಲ್ಲಿ’ ಎಂಬ ಎರಡು ಪದಗಳನ್ನು ಸೇರಿಸಿದ್ದೇನೆ. ಪಠ್ಯ ನಾಳೆ ಬೆಳಿಗ್ಗೆ ಮುದ್ರಕರಿಗೆ ಹೋಗುತ್ತದೆ.