ಓದುಗರ ಸ್ಪಂದನ: ‘ಗಂಡನೇ ತಲೆ’ ಅಂದರೆ ಬೇಡ ಅನ್ನುವ ಹಾಗಿಲ್ಲವೇ?

ಕಳೆದ ಸಂಚಿಕೆಯ ಸಮಸ್ಯೆ: ನಾನು ಸ್ಟಾಫ್ ನರ್ಸ್. ಮದುವೆಯಾಗಿ ಆರು ವರ್ಷ, ಒಬ್ಬ ಮಗ. ಗಂಡ ಕುಡಿಯುವವರಲ್ಲ, ಹೊಡೆಯುವವರಲ್ಲ. ಭಾನುವಾರ ಚರ್ಚಿನ ಪೂಜೆ ತಪ್ಪಿಸುವುದಿಲ್ಲ. ಆದರೆ ನನ್ನ ಸಂಬಳದ ಎಟಿಎಂ ಕಾರ್ಡ್ ಅವರ ಹತ್ತಿರವೇ ಇರುತ್ತದೆ. ಈಗ ಅವರ ತಮ್ಮನ ವ್ಯಾಪಾರಕ್ಕೆ ನನ್ನ ಚಿನ್ನ ಅಡವಿಡಬೇಕು, ಬ್ಯಾಂಕ್ ಸಾಲಕ್ಕೆ ನಾನು ಜಾಮೀನು ಸಹಿ ಹಾಕಬೇಕು ಅನ್ನುತ್ತಿದ್ದಾರೆ. ಪ್ರಶ್ನೆ ಕೇಳಿದರೆ, ‘ಗಂಡನೇ ತಲೆ ಅಂತ ಬೈಬಲ್‌ನಲ್ಲೇ ಇದೆ, ನೀನು ಅಧೀನಳಾಗಿರಬೇಕು’ ಎಂಬ ಉತ್ತರ. ಬೇಡ ಅನ್ನುವುದು ಪಾಪವೇ?
– ಹೆಸರು ಬೇಡ, ದಕ್ಷಿಣ ಕನ್ನಡ

ಪ್ರೀತಿಯ ತಂಗಿ,

ಪಾಪ ಅಲ್ಲ. ಮೊದಲು ಆ ಭಯ ಬಿಡಿ.

ನಿಮ್ಮವರು ಹೇಳುವ ಮಾತು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿದೆ, ನಿಜ. ಆದರೆ ಅವರು 22 ಮತ್ತು 23ನೇ ವಚನಕ್ಕೇ ನಿಂತುಬಿಟ್ಟಿದ್ದಾರೆ. ಅದರ ಮೇಲಿನ 21ನೇ ವಚನದಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ ಸಂತ ಪೌಲರು ಇಬ್ಬರಿಗೂ ಹೇಳಿದ್ದಾರೆ. 25ರಿಂದ ಮುಂದೆ ಗಂಡಂದಿರ ಸರದಿ. ಕ್ರಿಸ್ತರು ಧರ್ಮಸಭೆಗಾಗಿ ತಮ್ಮನ್ನೇ ಒಪ್ಪಿಸಿಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕು, ತನ್ನ ಸ್ವಂತ ಮೈಯನ್ನು ಸಾಕಿದ ಹಾಗೆ ನೋಡಿಕೊಳ್ಳಬೇಕು ಅಂತ. ಹೆಂಡತಿಗೆ ಹೇಳಿದ್ದಕ್ಕಿಂತ ಗಂಡನಿಗೆ ಹೇಳಿದ್ದೇ ಜಾಸ್ತಿ. ಆ ಕಾಲದ ರೋಮನ್ ಆಳ್ವಿಕೆಯಲ್ಲಿ ಮನೆಯ ಯಜಮಾನನಿಗೆ ಅಧಿಕಾರ ಹೇಗೂ ಇತ್ತು. ಅದನ್ನು ಪೌಲರು ಬಂದು ಕೊಡಬೇಕಾಗಿರಲಿಲ್ಲ. ಹೆಂಡತಿಗಾಗಿ ಪ್ರಾಣ ಕೊಡು ಅಂತ ಯಜಮಾನನಿಗೆ ಹೇಳಿದ್ದು ಹೊಸದು.

ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಹಿಳೆಯರ ಘನತೆಯ ಬಗ್ಗೆ ಬರೆದ ಪತ್ರದಲ್ಲಿ, ಈ ಅಧೀನತೆ ಒಂದು ಕಡೆಯದಲ್ಲ, ಗಂಡ ಹೆಂಡತಿ ಇಬ್ಬರದೂ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ನಿಮ್ಮ ಮದುವೆಯ ದಿನ ನೆನಪಿಸಿಕೊಳ್ಳಿ. ಸುಖದಲ್ಲೂ ಕಷ್ಟದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ ಪ್ರೀತಿಸಿ ಗೌರವಿಸುತ್ತೇನೆ ಅಂತ ಇಬ್ಬರೂ ಒಂದೇ ಮಾತು ಕೊಟ್ಟಿದ್ದೀರಿ.

ನಮ್ಮವರು ಅಂಚೆ ಕಚೇರಿಯಲ್ಲಿದ್ದರು, ನಾನು ಶಾಲೆಯಲ್ಲಿ. ಸಂಬಳ ಬಂದ ದಿನ ರಾತ್ರಿ ಜಪಸರ ಮುಗಿದ ಮೇಲೆ ಇಬ್ಬರ ಕವರೂ ಊಟದ ಮೇಜಿನ ಮೇಲೆ ಬರುತ್ತಿತ್ತು. ಹಳೇ ಡೈರಿಯಲ್ಲಿ ಅವರು ಬರೆಯುತ್ತಾ ಹೋಗುತ್ತಿದ್ದರು: ಕುಚ್ಚಲಕ್ಕಿ, ಹಾಲು, ಶಾಲೆ ಫೀಸು, ಚಿಟ್ ಫಂಡಿನ ಕಂತು, ಅವರ ಅಮ್ಮನ ಔಷಧಿ, ನನ್ನ ಅಮ್ಮನ ಔಷಧಿ. ಎರಡೂ ಔಷಧಿ ಒಂದರ ಕೆಳಗೊಂದು. ‘ಇದು ಈ ತಿಂಗಳು ಬೇಡ’ ಅಂತ ನಾನು ಅಂದರೆ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಅವರು ಬೇಡ ಅಂದದ್ದಕ್ಕೆ ನಾನೂ ಸುಮ್ಮನಾದದ್ದುಂಟು. ಮಾತು ಬೆಳೆದ ದಿನ ಡೈರಿ ಮುಚ್ಚಿ ಮಲಗುತ್ತಿದ್ದೆವು. ಒಬ್ಬರು ಒಪ್ಪದ ಸಾಲ ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಒಂದು ಸಂಜೆ ಆ ಅಧ್ಯಾಯವನ್ನು 21ರಿಂದ 33ರವರೆಗೆ ಇಬ್ಬರೂ ಕೂತು ಓದಿ. ನೈಟ್ ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ದಿನ ಬೇಡ. ಅದರಿಂದಲೂ ಆಗದಿದ್ದರೆ ಫಾದರ್ ಹತ್ತಿರ ಹೋಗಿ. ನೀವೊಬ್ಬರೇ ಹೋದರೆ ‘ಸ್ವಲ್ಪ ತಾಳ್ಮೆ ಇರಲಿ ಮಗಾ’ ಎಂಬ ಮಾತು ಕೇಳಿಕೊಂಡು ವಾಪಸ್ ಬರುವ ಹಾಗಾಗಬಹುದು. ಇಬ್ಬರನ್ನೂ ಕೂರಿಸಿ ಮಾತಾಡಿ ಅಂತಲೇ ಕೇಳಿ. ಚರ್ಚಿನಲ್ಲಿ ನಿಮ್ಮ ವಾರ್ಡಿನ ಮುಖಂಡರಾದ ಗುರಿಕಾರರು ಒಳ್ಳೆಯವರಾದರೆ ಅವರ ಸಹಾಯವನ್ನೂ ಪಡೆಯಿರಿ.
– ನಿವೃತ್ತ ಶಿಕ್ಷಕಿ, ಪುತ್ತೂರು

ಅಕ್ಕಾ,

ಗಂಡಸಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿ ದುಡಿಯುತ್ತಾನೆ, ಊರಿನಲ್ಲಿ ಎಲ್ಲವನ್ನೂ ನಡೆಸುವವಳು ಹೆಂಡತಿ. ನಮ್ಮ ಮನೆ ಕಟ್ಟಿಸಿದ್ದೇ ನನ್ನ ಹೆಂಡತಿ. ಕೆಂಪು ಕಲ್ಲು ಎಲ್ಲಿಂದ ತರಿಸುವುದು, ಮೇಸ್ತ್ರಿಗೆ ಶನಿವಾರ ಎಷ್ಟು ಕೊಡುವುದು, ಮಳೆಗೆ ಮುಂಚೆ ಸ್ಲ್ಯಾಬ್ ಹಾಕುವುದಾ ಬೇಡವಾ, ಎಲ್ಲ ಅವಳದೇ ತೀರ್ಮಾನ. ಕೈಯಲ್ಲಿ ಅಳತೆ ಟೇಪು ಹಿಡಿದು ಅವಳು ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ಕಿಟಕಿ ತೋರಿಸುತ್ತಿದ್ದರೆ ನನಗೆ ಹೆಮ್ಮೆ ಆಗುತ್ತಿತ್ತು. ಹೆಂಡತಿಯ ಬುದ್ಧಿಯನ್ನು ನಂಬದಿದ್ದರೆ ಗಲ್ಫ್‌ನವರ ಸಂಸಾರ ಒಂದು ತಿಂಗಳೂ ನಡೆಯುವುದಿಲ್ಲ.

ಇನ್ನು ತಮ್ಮನ ವಿಷಯ. ತಮ್ಮನಿಗೆ ಸಹಾಯ ಮಾಡುವುದು ಒಳ್ಳೆಯದೇ. ಆದರೆ ಪುರುಷನು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ ಅಂತ ಆದಿಕಾಂಡದಲ್ಲಿದೆ, ಯೇಸುವೂ ಅದನ್ನೇ ಮತ್ತೆ ಹೇಳಿದ್ದಾರೆ. ಹುಟ್ಟಿದ ಮನೆಯನ್ನು ಮರೆಯಬೇಕು ಅಂತಲ್ಲ, ಈಗ ಮೊದಲ ಲೆಕ್ಕ ನಿಮಗೂ ನಿಮ್ಮ ಮಗನಿಗೂ ಸಲ್ಲಬೇಕು. ಕೊಡುವುದಿದ್ದರೆ ಅವರು ತಮ್ಮ ಸಂಬಳದಿಂದ ಕೊಡಲಿ, ನಿಮಗೆ ಹೇಳಿಯೇ ಕೊಡಲಿ.
– ಉಡುಪಿ ಕಡೆಯ ಓದುಗ, ಕುವೈತ್‌ನಿಂದ

ಸಹೋದರಿ,

ಗಂಡನೇ ಕುಟುಂಬದ ತಲೆ ಅಂತ ನಂಬುವವನು ನಾನು. ಆ ಮಾತನ್ನು ಸಡಿಲ ಮಾಡಲು ನನಗೆ ಮನಸ್ಸಿಲ್ಲ. ನಂಬುವುದರಿಂದಲೇ ಹೇಳುತ್ತೇನೆ, ನಿಮ್ಮ ಯಜಮಾನರು ಮಾಡುತ್ತಿರುವುದು ಅದಲ್ಲ. ಸಾಲದ ಭಾರಕ್ಕೆ ಮೊದಲು ಹೆಗಲು ಕೊಡಬೇಕಾದವನು ಗಂಡ. ಹೆಂಡತಿಯ ಸಹಿ ಮುಂದಿಟ್ಟು ತಾನು ಹಿಂದೆ ನಿಲ್ಲಬಾರದು. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ, 7ನೇ ವಚನ ಅವರಿಗೆ ತೋರಿಸಿ. ಹೆಂಡತಿಗೆ ಗೌರವ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಅಂತ ಅಲ್ಲಿದೆ. ಪ್ರತಿ ವಾರ ದೇವರ ಸನ್ನಿಧಿಗೆ ಹೋಗುವ ಮನುಷ್ಯನಿಗೆ ಈ ಮಾತು ತಟ್ಟಲೇಬೇಕು.

ನಿಮಗೂ ಒಂದು ಮಾತು. ಬೇಡ ಅನ್ನುವುದನ್ನು ಗಟ್ಟಿಯಾಗಿಯೇ ಹೇಳಿ, ಆದರೆ ಮಗನ ಎದುರು ಬೇಡ.
– ಸಭೆಯ ಹಿರಿಯರು, ಧಾರವಾಡ

ಆತ್ಮೀಯರೇ,

ನಾನು ವಕೀಲೆ. ಸಹಿ ಹಾಕಬೇಡಿ. ಜಾಮೀನು ನಿಂತ ಮೇಲೆ ನಿಮ್ಮ ಮೈದುನ ಕಂತು ಕಟ್ಟದಿದ್ದರೆ ಬ್ಯಾಂಕ್ ನೇರವಾಗಿ ನಿಮ್ಮನ್ನೇ ಕೇಳಬಹುದು. ‘ಗಂಡ ಹೇಳಿದರು, ಹಾಕಿದೆ’ ಅನ್ನುವುದು ಅಲ್ಲಿ ಸುಮ್ನೆ ನಡೆಯುವುದಿಲ್ಲ.

ಹೊಡೆಯುವುದಿಲ್ಲ ಅಂತ ನೀವು ಸಮಾಧಾನಕ್ಕೆ ಬರೆದಿದ್ದೀರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಅದು ಹೊಡೆತವನ್ನಷ್ಟೇ ದೌರ್ಜನ್ಯ ಅನ್ನುವುದಿಲ್ಲ. ಹೆಂಡತಿಯ ಹಣ ಅವಳ ಕೈಗೆ ಸಿಗದಂತೆ ಮಾಡುವುದು, ಅವಳ ಸ್ತ್ರೀಧನವನ್ನು ಪರಭಾರೆ ಮಾಡುವುದು ಕೂಡ ಅದರಲ್ಲಿ ಬರುತ್ತದೆ. ನಾಳೆಯೇ ಕೇಸ್ ಹಾಕಿ ಅಂತ ನಾನು ಹೇಳುತ್ತಿಲ್ಲ. ಫಾದರ್ ಹತ್ತಿರ ಮಾತಾಡಲು ಕೂತಾಗ ಈ ವಿಷಯ ನಿಮಗೆ ಗೊತ್ತಿರಲಿ.

ಚಿನ್ನದ ಬಿಲ್ಲುಗಳನ್ನು ಒಟ್ಟುಮಾಡಿ, ಒಡವೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ತವರಿನವರು ಕೊಟ್ಟದ್ದು ಯಾವುದು ಅಂತ ಪಟ್ಟಿ ಬರೆಯಿರಿ. ಮಾತುಕತೆಯಿಂದ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಂಬಳ ಎಷ್ಟೇ ಇದ್ದರೂ ಹೆಂಗಸರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಬೆದರಿಕೆ, ಒತ್ತಾಯ ಶುರುವಾದರೆ 181ಕ್ಕೆ ಫೋನ್ ಮಾಡಿ.

ಕಾರ್ಡ್ ವಿಷಯಕ್ಕೆ ವಕೀಲರೇ ಬೇಕಾಗಿಲ್ಲ. ಬ್ಯಾಂಕ್ ಶಾಖೆಗೆ ಹೋಗಿ ಹಳೇ ಕಾರ್ಡ್ ನಿಲ್ಲಿಸಿ, ಹೊಸದಕ್ಕೆ ಅರ್ಜಿ ಕೊಡಿ. ಒಟಿಪಿ ನಿಮ್ಮ ಮೊಬೈಲಿಗೇ ಬರುತ್ತಿದೆಯಾ ನೋಡಿಕೊಳ್ಳಿ. ಇದನ್ನು ಕದ್ದುಮುಚ್ಚಿ ಮಾಡಬೇಡಿ. ಅವತ್ತೇ ಮನೆಗೆ ಬಂದು, ‘ಮನೆ ಖರ್ಚಿಗೆ ನನ್ನ ಪಾಲು ಇಷ್ಟು, ಪ್ರತಿ ತಿಂಗಳು ಕೊಡುತ್ತೇನೆ, ಕಾರ್ಡ್ ಇನ್ನು ನನ್ನ ಹತ್ತಿರ ಇರುತ್ತದೆ’ ಅಂತ ಅವರಿಗೆ ನೀವೇ ಹೇಳಿ.
– ವಕೀಲೆ, ಉಡುಪಿ