ಸಹಾಯ ಬೇಕು: ಡಯಾಲಿಸಿಸ್‌ನಲ್ಲೇ ಇರುವುದಾ, ಕಿಡ್ನಿ ಕಸಿಯಾ? ಸಂಶೋಧನೆ ಓದಿ ಗೊತ್ತಿರುವವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ 14 ತಿಂಗಳಿಂದ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಎಡಗೈಯ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಎರಡು ರಕ್ತನಾಳ ಸೇರಿಸಿ ಮಾಡಿದ ಜೋಡಣೆ) ಮೇಲೆ ಬೆರಳಿಟ್ಟರೆ ಜುಮ್ ಅನ್ನುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಅವನು ಮೊದಲು ಮುಟ್ಟಿ ನೋಡುವುದೇ ಅದನ್ನು. ಈಗ ಅಮ್ಮ ತಾನೇ ಕಿಡ್ನಿ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಅವರಿಗೆ 61 ವರ್ಷ. ಅಣ್ಣ ಸುತಾರಾಂ ಒಪ್ಪುತ್ತಿಲ್ಲ.

ಇಬ್ಬರ ನಡುವೆ ಸಿಕ್ಕಿಕೊಂಡು ನಾನು ಸಂಶೋಧನಾ ಪೇಪರ್‌ಗಳನ್ನು ಓದಲು ಕೂತೆ. 1999ರಲ್ಲಿ ಅಮೆರಿಕದಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಕಸಿಯಾದ ಮೊದಲ 2 ವಾರ ಸಾವಿನ ಅಪಾಯ ಡಯಾಲಿಸಿಸ್‌ನಲ್ಲಿ ಇರುವವರಿಗಿಂತ 2.8 ಪಟ್ಟು ಜಾಸ್ತಿ. ಓದಿ ಎದೆ ಧಸಕ್ಕೆಂದಿತು. ಆದರೆ 18 ತಿಂಗಳ ಹೊತ್ತಿಗೆ ಲೆಕ್ಕ ತಿರುಗಿ, ಅಪಾಯ ಡಯಾಲಿಸಿಸ್‌ನಲ್ಲಿ ಇರುವವರದ್ದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅವರು ಹೋಲಿಸಿದ್ದು ಕಸಿಗಾಗಿ ಪಟ್ಟಿಯಲ್ಲಿ ಕಾಯುತ್ತಿದ್ದವರ ಜೊತೆ. ಅದು ನ್ಯಾಯವೇ. ಪಟ್ಟಿ ಸೇರುವವರು ಉಳಿದ ರೋಗಿಗಳಿಗಿಂತ ಗಟ್ಟಿಯಾಗಿಯೇ ಇರುತ್ತಾರೆ, ಅಲ್ವಾ? ಎಲ್ಲರ ಜೊತೆ ಹೋಲಿಸಿದ್ದರೆ ಕಸಿ ಸುಮ್ನೆ ಗೆದ್ದುಬಿಡುತ್ತಿತ್ತು.

ನನ್ನ ತೊಡಕು ಇಷ್ಟು. ಅಲ್ಲಿದ್ದದ್ದು ಮೃತ ದಾನಿಗಳ ಕಿಡ್ನಿ. ನಮ್ಮದು ಬದುಕಿರುವ ದಾನಿ, ಅದೂ 60 ದಾಟಿದವರು. ಇಂಥ ಕಿಡ್ನಿ ಎಷ್ಟು ವರ್ಷ ನಡೆಯುತ್ತದೆ, ಕೊಟ್ಟವರ ಆರೋಗ್ಯ ಮುಂದೆ ಹೇಗಿರುತ್ತದೆ ಅಂತ ನೋಡಿದ ಒಳ್ಳೆಯ ಅಧ್ಯಯನ ಯಾರಾದರೂ ಓದಿದ್ದೀರಾ? ಡಾಕ್ಟರ್ ಹತ್ತಿರ ಮುಂದಿನ ವಾರ ಹೋಗುತ್ತಿದ್ದೇವೆ. ಅಮ್ಮನ ವಿಷಯದಲ್ಲಿ ಯಾವ ಪ್ರಶ್ನೆ ತಪ್ಪದೆ ಕೇಳಬೇಕು ಅಂತಲೂ ತಿಳಿಸಿ. ಮನೆಯಲ್ಲಿ ವಯಸ್ಸಾದವರು ಕಿಡ್ನಿ ಕೊಟ್ಟಿದ್ದರೆ ನಿಮ್ಮ ಅನುಭವವನ್ನೂ ಬರೆಯಿರಿ. ಧೈರ್ಯ ಹೇಳುವ ಮಾತು ಬೇಕಾದಷ್ಟು ಸಿಕ್ಕಿದೆ, ಈಗ ಬೇಕಿರುವುದು ಮಾಹಿತಿ.